ಗಿಜುಭಾಯಿ ಓದಿ ತರಗತಿಗೆ ಹೋದೆ, ಮಕ್ಕಳು ಗದ್ದಲ ಎಬ್ಬಿಸಿದರು. ಎಲ್ಲಿ ತಪ್ಪಿತು?

ಓದುಗರ ಪ್ರಶ್ನೆ

"ನಾನು ಗದಗ ಜಿಲ್ಲೆ ರೋಣ ತಾಲೂಕಿನವಳು. ಧಾರವಾಡದಲ್ಲಿ ಡಿ.ಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ಸರ್ ಗುಜರಾತಿನ ಶಿಕ್ಷಣ ಚಿಂತಕ ಗಿಜುಭಾಯಿ ಬಧೇಕಾ ಅವರ ಬಗ್ಗೆ ಹೇಳಿ, ಅವರ 'ದಿವಾಸ್ವಪ್ನ' ಪುಸ್ತಕ ಓದಿಸಿದರು. ಓದಿ ಮುಗಿಸಿದ ರಾತ್ರಿ ನಿದ್ದೆ ಬರಲಿಲ್ಲ. ಶಿಕ್ಷಕಿ ಆದರೆ ಹೀಗೇ ಆಗಬೇಕು ಅನ್ನಿಸಿತು. ಈಗ ಇಂಟರ್ನ್‌ಶಿಪ್‌ಗೆ ಹುಬ್ಬಳ್ಳಿ ಹತ್ತಿರದ ಹಳ್ಳಿಯ ಸರ್ಕಾರಿ ಶಾಲೆಗೆ ಹಾಕಿದ್ದಾರೆ. ಐದನೇ ತರಗತಿ, 38 ಮಕ್ಕಳು. ಮೊದಲ ದಿನ ಕೋಲು ಮುಟ್ಟಲಿಲ್ಲ, ಪುಸ್ತಕ ತೆಗೆಸಲಿಲ್ಲ, ಕಥೆ ಹೇಳಿದೆ. ಚೆನ್ನಾಗಿ ಕೇಳಿದರು. ಓದೋಕೆ ಎಬ್ಬಿಸಿದರೆ ಬಾಯೇ ಬಿಡದ ಒಬ್ಬ ಹುಡುಗ ಬೆಲ್ ಆದ ಮೇಲೂ ನಿಂತು 'ಮುಂದ ಏನಾತ್ರೀ ಅಕ್ಕಾರ?' ಅಂತ ಕೇಳಿದ. ಮೂರನೇ ದಿನಕ್ಕೆ ಗದ್ದಲ ಶುರುವಾಯಿತು. ಕೂಗಿದರೂ ಕೇಳಲಿಲ್ಲ. ಪಕ್ಕದ ಕ್ಲಾಸಿನ ಹಿರಿಯ ಗುರುಗಳು ಬಾಗಿಲಲ್ಲಿ ಬಂದು ನಿಂತರು, ಎಲ್ಲ ಗಪ್‌ಚುಪ್. ಆಮೇಲೆ ನನಗೆ 'ಇವೆಲ್ಲಾ ಪುಸ್ತಕದಾಗ ಚಂದ್ರೀ. ಸಲಿಗಿ ಕೊಟ್ರ ಹುಡುಗ್ರು ತಲಿ ಮ್ಯಾಲೆ ಕುಂದರ್ತಾವ' ಅಂದರು. ಘಟಕವೂ ಮುಗಿದಿಲ್ಲ. ಇಂಥ ಶಿಕ್ಷಕರಾಗೋಕೆ ಹುಟ್ಟಾ ಆ ಗುಣ ಬೇಕಾ? ನಮ್ಮಂಥವರು ಇವರಿಂದ ಕಲಿಯೋದು ಏನಾದರೂ ಇದೆಯಾ, ಇಲ್ಲಾ ಪರೀಕ್ಷೆಯಲ್ಲಿ ಬರೆದು ಮರೆತುಬಿಡಬೇಕಾ? ಮುಂದೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇರೆ ಇದೆ."

ಉತ್ತರ

ಇಂಟರ್ನ್‌ಶಿಪ್ ಶುರುವಾದ ಮೇಲೆ ಇಂಥ ಪತ್ರಗಳು ಬರುತ್ತವೆ. ನನ್ನ ಕೆಲಸದ ಬಹುಪಾಲು ಶಿಕ್ಷಕರ ತರಬೇತಿಯಲ್ಲೇ ಕಳೆದಿದೆ, ಹಾಗಾಗಿ ನಿಮ್ಮ ಸಂಕಟ ನನಗೆ ಹೊಸದಲ್ಲ. ಆದರೂ ನಿಮ್ಮ ಪತ್ರ ಓದಿ ಸಮಾಧಾನ ಆಯಿತು. ಇಷ್ಟೆಲ್ಲ ಆದ ಮೇಲೂ ಮಕ್ಕಳೇ ಸರಿಯಿಲ್ಲ ಅಂತ ನೀವು ಎಲ್ಲೂ ಬರೆದಿಲ್ಲ.

ನಿಮ್ಮ ಚಿಂತೆ ಮೂರು. ಗದ್ದಲ ಯಾಕಾಯಿತು? ಗಿಜುಭಾಯಿ ಥರದವರು ಹುಟ್ಟಿನಿಂದಲೇ ಹಾಗಿರುತ್ತಾರಾ? ಪೋರ್ಷನ್, ಹಿರಿಯರ ಮಾತು, ಪರೀಕ್ಷೆ ಇವುಗಳ ನಡುವೆ ನೀವು ಮಾಡಬೇಕಾದದ್ದು ಏನು? ಮರೆತುಬಿಡಬೇಕಾ ಅನ್ನೋದಕ್ಕೆ ಮೊದಲೇ ಹೇಳಿಬಿಡುತ್ತೇನೆ, ಬೇಡ. ಆದರೆ ಆ ಪುಸ್ತಕದಿಂದ ನೀವು ಎತ್ತಿಕೊಂಡದ್ದು ಕಥೆಯನ್ನು. ಕಥೆಗಿಂತ ದೊಡ್ಡದು ಅದರಲ್ಲಿ ಇನ್ನೊಂದಿದೆ.

ಅದರ ಮೊದಲ ದಿನವನ್ನು ಇನ್ನೊಮ್ಮೆ ಓದಿ ನೋಡಿ. ಪುಸ್ತಕದ ಮುಖ್ಯ ಪಾತ್ರವಾದ ಮಾಸ್ತರು ಮನೆಯಲ್ಲಿ ಕೂತು ಎಲ್ಲ ಯೋಚಿಸಿ, ಟಿಪ್ಪಣಿ ಮಾಡಿಕೊಂಡು ನಾಲ್ಕನೇ ತರಗತಿಗೆ ಬರುತ್ತಾರೆ. ಮೌನದ ಆಟ ಆಡಿಸೋಕೆ ಹೋಗುತ್ತಾರೆ. ಮಕ್ಕಳು ಗದ್ದಲ ಎಬ್ಬಿಸುತ್ತಾರೆ, ಆಟ ಪೂರ್ತಿ ಕೆಡುತ್ತದೆ. ಅವತ್ತು ಮಕ್ಕಳನ್ನು ಬೇಗ ಮನೆಗೆ ಬಿಟ್ಟುಬಿಡಬೇಕಾಗುತ್ತದೆ. ಮಾಸ್ತರು ಕಥೆ ಎತ್ತಿಕೊಳ್ಳೋದು ಆ ಸೋಲಾದ ಮೇಲೆ. ಈ ಮಕ್ಕಳಿಗೆ ಸುಮ್ಮನೆ ಕೂರೋದು ಇನ್ನೂ ಆಗದು, ಹಾಗಾದರೆ ಇವರು ತಾವಾಗಿಯೇ ಕೂರುವಂಥದ್ದು ಯಾವುದು ಅಂತ ನೋಡಿ, ಹುಡುಕಿ, ಕಂಡುಕೊಂಡ ದಾರಿ ಅದು. ನೀವು ಅವರ ಉತ್ತರವನ್ನು ಸೀದಾ ನಿಮ್ಮ ತರಗತಿಗೆ ತಂದಿರಿ. ಉತ್ತರಕ್ಕೆ ಮೊದಲು ಅವರು ಕೇಳಿಕೊಂಡ ಪ್ರಶ್ನೆ ಅಲ್ಲೇ ಪುಸ್ತಕದಲ್ಲಿ ಉಳಿಯಿತು.

ಭಾವೀ ಶಿಕ್ಷಕರು ಗಿಜುಭಾಯಿಯಿಂದ ಕಲಿಯಬೇಕಾದದ್ದು ಇದೇ ಅಂತ ನನ್ನ ನಂಬಿಕೆ. ಮಗು ಕಲಿಯದಿದ್ದಾಗ ಅವರು ಮಗುವನ್ನು ಬೈಯೋದಿಲ್ಲ, ತಮ್ಮನ್ನೂ ಹಳಿದುಕೊಳ್ಳೋದಿಲ್ಲ. ನಾನು ಕಲಿಸಿದ ರೀತಿಯಲ್ಲಿ ಏನು ಬದಲಿಸಿ ನೋಡಲಿ ಅಂತ ಕೇಳುತ್ತಾರೆ. ಬದಲಿಸುತ್ತಾರೆ. ಮತ್ತೆ ನೋಡುತ್ತಾರೆ. ಕಥೆ, ಆಟ, ನಾಟಕ ಎಲ್ಲ ಆ ನೋಟದಿಂದ ಹುಟ್ಟಿದವು. ಬೇರೆ ಊರು, ಬೇರೆ ಮಕ್ಕಳು ಅಂದರೆ ಅವು ಬೇರೆ ಆಗಬಹುದು, ಆಗಬೇಕು ಕೂಡ.

ಈಗ ಹುಟ್ಟಾ ಬರುವ ಗುಣದ ಮಾತು. ಗಿಜುಭಾಯಿ ಹುಟ್ಟಿದ್ದು 1885ರಲ್ಲಿ, ಸೌರಾಷ್ಟ್ರದಲ್ಲಿ. ವಕೀಲಿಕೆ ಮಾಡುತ್ತಿದ್ದವರು. ಅದಕ್ಕೂ ಮೊದಲು, 1907ರಲ್ಲಿ, ದುಡಿಮೆಗೆ ಅಂತ ಪೂರ್ವ ಆಫ್ರಿಕಾಕ್ಕೂ ಹೋಗಿ ಬಂದಿದ್ದರು. 1913ರಲ್ಲಿ ಮಗ ಹುಟ್ಟಿದ. ಅವನನ್ನು ಹೇಗೆ ಬೆಳೆಸಲಿ, ಹೇಗೆ ಓದಿಸಲಿ ಅನ್ನುವ ಯೋಚನೆ ಹತ್ತಿತು. ಆಗ, ಮಗು ತಾನೇ ಮಾಡಿ ಕಲಿಯಬೇಕು ಅನ್ನುವ ಮಾಂಟೆಸರಿ ವಿಚಾರಗಳು ಕೈಗೆ ಸಿಕ್ಕವು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು, 1920ರಲ್ಲಿ ಅಲ್ಲೇ ಬಾಲಮಂದಿರ ಶುರು ಮಾಡಿದರು. ಗುಜರಾತಿನ ಜನ ಅವರನ್ನು ಪ್ರೀತಿಯಿಂದ 'ಮೀಸೆಯ ತಾಯಿ' ಅಂದರು. ಆದರೆ ಮೂವತ್ತು ವರ್ಷದವರೆಗೆ ಆ ತಾಯಿ ಕೋರ್ಟು ಕಚೇರಿಯ ಮನುಷ್ಯ. ಸ್ವಂತ ಮಗನನ್ನು ನೋಡುತ್ತಾ, ಓದುತ್ತಾ, ಮಾಡಿ ನೋಡುತ್ತಾ ಶಿಕ್ಷಕರಾದವರು.

ಇನ್ನೊಂದು ತಪ್ಪು ತಿಳಿವಳಿಕೆ ತುಂಬಾ ಜನರಲ್ಲಿದೆ. 'ದಿವಾಸ್ವಪ್ನ'ದ ತರಗತಿ ನಿಜವಾಗಿ ನಡೆದದ್ದು, ಒಂದೇ ವರ್ಷದಲ್ಲಿ ಎಲ್ಲ ಬದಲಾಯಿತು ಅಂತ ನಂಬಿಕೊಂಡು ಹುಡುಗ ಹುಡುಗಿಯರು ಶಾಲೆಗೆ ಹೋಗುತ್ತಾರೆ. ಅದು ಕಲ್ಪಿತ ಕಥನ. ಅದರ ಹಿಂದೆ ಗಿಜುಭಾಯಿ ಅವರ ನಿಜವಾದ ಅನುಭವ ಇದೆ, ಸರಿ. ಆದರೆ ಅವರು ದಿನಾ ಕೆಲಸ ಮಾಡಿದ್ದು ಚಿಕ್ಕ ಮಕ್ಕಳ ಬಾಲಮಂದಿರದಲ್ಲಿ, ತಮ್ಮಂತೆಯೇ ಯೋಚಿಸುವ ಗೆಳೆಯರು ಕಟ್ಟಿದ ಸಂಸ್ಥೆಯಲ್ಲಿ. ಪುಸ್ತಕದ ಮಾಸ್ತರಿಗೂ ಪೂರ್ತಿ ಒಂದು ವರ್ಷ ಇದೆ, ಶಿಕ್ಷಣಾಧಿಕಾರಿಯ ಒಪ್ಪಿಗೆ ಇದೆ. ನಿಮಗೆ ಇರೋದು ಕೆಲವು ವಾರ, ಇನ್ನೊಬ್ಬರ ತರಗತಿ, ಮುಗಿಸಲೇಬೇಕಾದ ಘಟಕ. ಈ ಎರಡನ್ನೂ ಹೋಲಿಸಿ ನಾನು ಸೋತೆ ಅಂದುಕೊಳ್ಳೋದು ಸರಿಯಲ್ಲ.

ಹಾಗಾದರೆ ಗದ್ದಲ ಯಾಕಾಯಿತು? ಆ ತರಗತಿಯ ಶಾಂತಿ ಹೆದರಿಕೆಯ ಮೇಲೆ ನಿಂತಿತ್ತು. ನೀವು ಹೆದರಿಕೆ ತೆಗೆದಿರಿ, ಒಳ್ಳೆಯದೇ ಮಾಡಿದಿರಿ, ಆದರೆ ಆ ಜಾಗದಲ್ಲಿ ಬೇರೆ ಏನನ್ನೂ ಇಡಲಿಲ್ಲ. ಈ ಅಕ್ಕಾರು ಬೈಯೋದಿಲ್ಲ ಅಂತ ಮೊದಲ ದಿನ ಗೊತ್ತಾಯಿತು, ಎಲ್ಲಿವರೆಗೆ ಬೈಯೋದಿಲ್ಲ ಅಂತ ಆಮೇಲೆ ಪರೀಕ್ಷೆ ಮಾಡಿದರು. ಮಕ್ಕಳು ಹೊಸಬರನ್ನು ಹಾಗೆ ನೋಡಿಯೇ ನೋಡುತ್ತಾರೆ, ಅದರಲ್ಲಿ ಕೆಟ್ಟತನ ಏನೂ ಇಲ್ಲ. ಇನ್ನೊಂದು ಕಾರಣ ನಿಮ್ಮ ಪತ್ರದಲ್ಲೇ ಇದೆ. ಕಥೆ ಹೇಳಿದ್ದನ್ನು ಬರೆದಿದ್ದೀರಿ, ಕಥೆ ಮುಗಿದ ಮೇಲೆ ಮಕ್ಕಳು ಏನು ಮಾಡಿದರು ಅಂತ ಒಂದು ಸಾಲೂ ಇಲ್ಲ. 38 ಮಕ್ಕಳ ಕೈ ಖಾಲಿ ಇದ್ದರೆ ಅವರು ತಮ್ಮ ಕೆಲಸ ತಾವೇ ಹುಡುಕಿಕೊಳ್ಳುತ್ತಾರೆ.

ಶಬ್ದದಲ್ಲಿ ಎರಡು ಬಗೆ ಇರುತ್ತದೆ. ಒಂದು ನಿಮಿಷ ಬಾಗಿಲ ಹೊರಗೆ ನಿಂತು ಕೇಳಿ. "ಏ, ನಂದ ಮೊದಲ ಆತು", "ತೋರ್ಸ ನೋಡೂಣು", "ಅಕ್ಕಾರ, ಇದು ಹಿಂಗ್ಯಾಕ?" ಅನ್ನೋದು ಕೆಲಸದ ಶಬ್ದ. ಅದು ಇರಲಿ. "ಅಕ್ಕಾರ, ಇವ ಹೊಡದ್ರೀ", ಪೆನ್ಸಿಲ್ ಕಸಿಯೋದು, ಬೆಂಚು ಎಳೆಯೋದು ಕೆಲಸ ಇಲ್ಲದ ಶಬ್ದ. ಎರಡನೆಯದು ಜಾಸ್ತಿ ಆದರೆ ನಿಮ್ಮ ಪಾಠದಲ್ಲಿ ಮಕ್ಕಳ ಕೈಗೆ ಕೆಲಸ ಕಡಿಮೆ ಇದೆ ಅಂತ ತಿಳಿದುಕೊಳ್ಳಿ. ಅದರ ಮೇಲೆ ಕೂಗಿ ಪ್ರಯೋಜನ ಇಲ್ಲ. ನೀವು ದನಿ ಏರಿಸಿದಷ್ಟೂ ಅವರೂ ಏರಿಸುತ್ತಾರೆ. ಬದಲಿಗೆ ಚಪ್ಪಾಳೆಯ ಒಂದು ತಾಳ ಗೊತ್ತುಮಾಡಿಕೊಳ್ಳಿ. ನೀವು ಹೊಡೆದರೆ ಅವರು ಮರುತಾಳ ಹೊಡೆದು ನಿಮ್ಮ ಕಡೆ ನೋಡಬೇಕು. ಪುಸ್ತಕ ಹಂಚೋದು ಯಾರು, ನೀರಿಗೆ ಹೋಗೋದು ಯಾವಾಗ, ಕಥೆಗೆ ಕೂರೋದು ಎಲ್ಲಿ, ಇವನ್ನೆಲ್ಲ ಮೊದಲ ವಾರವೇ ಮಕ್ಕಳ ಜೊತೆ ಕೂತು ತೀರ್ಮಾನಿಸಿ. ಎರಡು ವಾರ ದಿನಾ ತಪ್ಪದೆ ನಡೆಸಿ. ಗಿಜುಭಾಯಿ ಅವರ ಬಾಲಮಂದಿರದಂಥ ಮಾಂಟೆಸರಿ ಜಾಡಿನ ಶಾಲೆಗಳಲ್ಲಿ ಸ್ವಾತಂತ್ರ್ಯದ ಜೊತೆಗೇ ಇಂಥ ಕಟ್ಟುಪಾಡೂ ಇರುತ್ತದೆ. ವಸ್ತು ಎಲ್ಲಿಂದ ತೆಗೆದರೋ ಅಲ್ಲೇ ಇಡಬೇಕು ಅನ್ನೋದನ್ನು ಅಲ್ಲಿ ಮೂರು ವರ್ಷದ ಮಗುವೂ ಕಲಿಯುತ್ತದೆ.

ಹಿರಿಯ ಗುರುಗಳು ಹೇಳಿದ್ದಕ್ಕೆ ನಮ್ಮ ಕಡೆ ಒಂದು ಹಳೆಯ ಗಾದೆಯ ಬೆಂಬಲವೂ ಇದೆ, "ಛಡಿ ಛಂ ಛಂ, ವಿದ್ಯಾ ಘಂ ಘಂ". ಈ ಮಾತು ನಂಬಿ ತಲೆಮಾರುಗಳು ಏಟು ತಿಂದಿವೆ. ಕಾನೂನು ಈಗ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವನ್ನು ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ. ಕಾನೂನು ಬದಿಗಿಟ್ಟು ಕಲಿಕೆಯ ದೃಷ್ಟಿಯಿಂದಲೇ ನೋಡಿ. ಹೆದರಿದ ಮಗು ಮೊದಲು ಮಾಡೋದು ತನ್ನ ತಪ್ಪನ್ನು ಮುಚ್ಚಿಡೋದು. ಪಕ್ಕದವನ ನೋಟ್‌ಬುಕ್ ನೋಡಿ ಬರೆಯುತ್ತದೆ, ಗುಂಪಿನಲ್ಲಿ ಬಾಯಿ ಆಡಿಸುತ್ತದೆ, ಪ್ರಶ್ನೆ ಕೇಳೋದಿಲ್ಲ. ಶಿಕ್ಷಕರಿಗೆ ತಪ್ಪು ಕಾಣದಿದ್ದರೆ ತಿದ್ದೋದು ಯಾವುದನ್ನು? ಗಪ್‌ಚುಪ್ ಆಗಿ ಕೂತ ತರಗತಿಯಲ್ಲಿ ಎಲ್ಲರೂ ಕಲಿಯುತ್ತಿರುವಂತೆ ಕಾಣುತ್ತದೆ, ಅಷ್ಟೇ.

ನಿಮ್ಮ ಪತ್ರದಲ್ಲಿ ನನ್ನ ಗಮನ ಹಿಡಿದು ನಿಲ್ಲಿಸಿದ್ದು ಆ ಹುಡುಗ. ಓದೋಕೆ ಬಾಯಿ ಬಿಡದವನು ಕಥೆಯ ಮುಂದಿನ ಭಾಗಕ್ಕೆ ಕಾದು ನಿಂತಿದ್ದಾನೆ. ಅಂದರೆ ಅವನಿಗೆ ಆಸೆ ಇದೆ, ನೆನಪಿದೆ, ಕೇಳುವ ಧೈರ್ಯವೂ ಇದೆ. ಎಲ್ಲೋ ಓದಿನ ಒಂದು ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಯಾವ ಜಾಗ ಅಂತ ಹುಡುಕೋದು ನಿಮ್ಮ ಕೆಲಸ.

ಊಟದ ಬಿಡುವಿನಲ್ಲಿ, ಬೇರೆ ಮಕ್ಕಳು ಇಲ್ಲದಾಗ, ಎರಡನೇ ಅಥವಾ ಮೂರನೇ ತರಗತಿಯ ಪುಸ್ತಕ ಕೊಟ್ಟು ಒಂದು ಪುಟ ಓದಿಸಿ. ತಿದ್ದೋಕೆ ಹೋಗಬೇಡಿ, ಸುಮ್ನೆ ಕೇಳಿ. ಎಲ್ಲಿ ನಿಲ್ಲುತ್ತಾನೆ? ಒತ್ತಕ್ಷರ ಬಂದಾಗಲೆಲ್ಲ ನಿಂತರೆ ಅಕ್ಕ, ಅಜ್ಜ, ಹತ್ತಿ, ರೊಟ್ಟಿ, ಬೆಣ್ಣೆ ಥರದ ಪದಗಳಿಂದ ಹಿಡಿಯಿರಿ. ಇವುಗಳಲ್ಲಿ ಅಕ್ಷರಕ್ಕೆ ಅದರದೇ ಒತ್ತು ಇರುತ್ತದೆ. ಅದು ಸಲೀಸಾದ ಮೇಲೆ ರಾತ್ರಿ, ಪುಸ್ತಕ, ಸೂರ್ಯ. ಒತ್ತಕ್ಷರ ಬರುತ್ತದೆ, ಆದರೆ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನೆ ಅಂದರೆ ವಾಕ್ಯದ ಕೊನೆಗೆ ಬರೋ ಹೊತ್ತಿಗೆ ಮೊದಲು ಓದಿದ್ದು ಮರೆತಿರುತ್ತದೆ. ಅವನಿಗೆ ಬೇಕಾದದ್ದು ಸುಲಭವಾದ ಪುಟಗಳನ್ನೇ ಮತ್ತೆ ಮತ್ತೆ ಓದುವ ಅವಕಾಶ. ಸರಾಗ ಓದುತ್ತಾನೆ, ಏನು ಓದಿದೆ ಅಂದರೆ ಹೇಳಲಾರ ಅಂದರೆ ತೊಂದರೆ ಪದಗಳದ್ದು. ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಮಾತಾಡುವ ಮಕ್ಕಳಲ್ಲಿ ಇದನ್ನು ತುಂಬಾ ನೋಡುತ್ತೇವೆ. ಈ ಮೂರೂ ಬಗೆಯ ಮಕ್ಕಳನ್ನು ನಾವು 'ಓದಾಕ ಬರೂದಿಲ್ಲ' ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತೇವೆ. ಮೂವರಿಗೂ ಬೇಕಾದ ನೆರವು ಬೇರೆ ಬೇರೆ.

ನಿಮ್ಮ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೇಳಿದ ಕಥೆಯನ್ನು ಅವನ ಬಾಯಲ್ಲೇ ಹೇಳಿಸಿ. "ನರಿ ಓಡಿ ಹೋತು, ಹುಲಿ ಅಲ್ಲೇ ಕುಂತಿತ್ತು" ಅಂದರೆ ಹಾಗೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ನಾಲ್ಕೈದು ಸಾಲು ಸಾಕು. ಅದನ್ನೇ ಅವನಿಗೆ ಓದೋಕೆ ಕೊಡಿ. ತನ್ನ ಮಾತೇ ಆದ್ದರಿಂದ ಮುಂದಿನ ಪದ ಯಾವುದು ಅಂತ ಅವನಿಗೆ ಅಂದಾಜಿರುತ್ತದೆ, ಅಕ್ಷರಗಳ ಮೇಲೆ ಹಿಡಿತ ಬೇಗ ಸಿಗುತ್ತದೆ. 'ಹೋತು' ಪುಸ್ತಕದಲ್ಲಿ 'ಹೋಯಿತು' ಆಗುತ್ತದೆ ಅನ್ನೋದನ್ನು ಎರಡು ವಾರ ಬಿಟ್ಟು ತೋರಿಸಿದರೂ ನಡೆಯುತ್ತದೆ. ಮಗುವಿನ ಮನೆಮಾತಿಗೆ ಶಾಲೆಯಲ್ಲಿ ಜಾಗ ಇರಬೇಕು ಅನ್ನೋದಕ್ಕೆ ನಮ್ಮ ನೆಲದಲ್ಲೇ ಹಿರಿಯರೊಬ್ಬರು ಜೀವ ತೇಯ್ದಿದ್ದಾರೆ. ಡೆಪ್ಯುಟಿ ಚನ್ನಬಸಪ್ಪನವರು (1834–1881). ಮುಂಬೈ ಪ್ರಾಂತಕ್ಕೆ ಸೇರಿದ್ದ ಧಾರವಾಡ ಭಾಗದ ಶಾಲೆಗಳಲ್ಲಿ ಮರಾಠಿಯ ಜೋರು ನಡೆಯುತ್ತಿದ್ದ ಕಾಲದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಕನ್ನಡ ಶಾಲೆಗಳಿಗಾಗಿ ಹೋರಾಡಿದವರು. ಧಾರವಾಡದಲ್ಲಿ ಓದುತ್ತಿರುವ ನೀವು ಅವರ ಬಗ್ಗೆಯೂ ತಿಳಿದುಕೊಳ್ಳಿ.

ಗಣಿತದಲ್ಲೂ ಹೀಗೇ. 52ರಲ್ಲಿ 27 ಕಳೆ ಅಂದರೆ ಎಷ್ಟೋ ಮಕ್ಕಳು 35 ಅಂತ ಬರೆಯುತ್ತಾರೆ. ಲಕ್ಷ್ಯ ಇಲ್ಲ ಅಂತ ಬೈದು ಮುಂದೆ ಹೋಗುವವರೇ ಜಾಸ್ತಿ. ಮಗು ಲಕ್ಷ್ಯ ಕೊಟ್ಟೇ ಮಾಡಿದೆ. ಎರಡರಲ್ಲಿ ಏಳು ಹೋಗೋದಿಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದಿದೆ. ತನ್ನದೇ ಒಂದು ನಿಯಮ ಮಾಡಿಕೊಂಡಿದೆ. ಜೋಳದ ದಂಟನ್ನು ಬೆರಳುದ್ದ ತುಂಡು ಮಾಡಿ, ಹತ್ತು ಹತ್ತು ಸೇರಿಸಿ ದಾರದಿಂದ ಕಟ್ಟಿ ಐದು ಕಟ್ಟು, ಬಿಡಿ ಎರಡು ಕೈಗೆ ಕೊಡಿ. 27 ತೆಗೆದು ಕೊಡು ಅನ್ನಿ. ಬಿಡಿ ಎರಡೇ ಇವೆ, ಏಳು ಕೊಡಬೇಕು. ಮಗು ಸ್ವಲ್ಪ ಹೊತ್ತು ನೋಡುತ್ತದೆ, ಆಮೇಲೆ ತಾನಾಗಿಯೇ ಒಂದು ಕಟ್ಟಿನ ದಾರ ಬಿಚ್ಚುತ್ತದೆ. ದಶಕ ತರೋದು ಅಂದರೆ ಏನು ಅಂತ ಆಗ ತಿಳಿಯುತ್ತದೆ. ಇದಕ್ಕೆ ದುಡ್ಡು ಬೇಡ, ಥರ್ಮಾಕೋಲ್ ಬೇಡ, ವಿಶೇಷ ಪ್ರತಿಭೆಯೂ ಬೇಡ. ತಪ್ಪು ಉತ್ತರದ ಮುಂದೆ ಒಂದು ನಿಮಿಷ ನಿಲ್ಲುವ ಅಭ್ಯಾಸ ಬೇಕು.

ಪ್ರೇರಣೆ ಕೊಡುವ ಗುರು ಅಂದ ಕೂಡಲೇ ನಮ್ಮ ಮನಸ್ಸಿಗೆ ತ್ಯಾಗ ಬರುತ್ತದೆ. ನೀವು ಗದಗ ಜಿಲ್ಲೆಯವರು, ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಗದುಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆ ಗೊತ್ತೇ ಇದೆ. ಅದನ್ನು ನಡೆಸಿದ ಪಂಚಾಕ್ಷರ ಗವಾಯಿಗಳು (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನವರು, ಇಬ್ಬರಿಗೂ ಕಣ್ಣಿರಲಿಲ್ಲ. ಅಲ್ಲಿಗೆ ಹೋಗಿ ಬಂದವರೆಲ್ಲ ಅವರ ತ್ಯಾಗದ ಮಾತಾಡುತ್ತಾರೆ. ಗೌರವದಿಂದಲೇ ಹೇಳುತ್ತೇನೆ, ಶಿಕ್ಷಕಿಯಾಗುವ ನೀವು ಅವರ ಕಲಿಸುವ ಕೆಲಸವನ್ನೂ ನೋಡಬೇಕು. ಕಣ್ಣಿಲ್ಲದ ಮಗುವಿಗೆ ಸ್ವರಲಿಪಿ ತೋರಿಸಿ ಕಲಿಸಲಾಗದು. ಕೇಳಿಸಬೇಕು, ಹಾಡಿಸಬೇಕು, ಬೆರಳು ಹಿಡಿದು ವಾದ್ಯದ ಮೇಲೆ ಇಡಬೇಕು. ಊಟ, ವಸತಿ, ವಿದ್ಯೆ ಒಂದೇ ಸೂರಿನಡಿ ಇರಬೇಕು, ಇಲ್ಲದಿದ್ದರೆ ಬಡವರ ಮನೆಯ ಅಂಧ ಮಗು ಕಲಿಯೋಕೆ ಬರುವುದೇ ಇಲ್ಲ. ಯಾವ ಮಗುವಿಗೆ ಏನು ಅಡ್ಡ ಬರುತ್ತಿದೆ ಅಂತ ನೋಡಿ ಅದನ್ನು ಸರಿಸಿದ್ದಾರೆ. ಅದೇ ಪಂಚಾಕ್ಷರ ಗವಾಯಿಗಳ ಹತ್ತಿರ ಕಣ್ಣಿದ್ದ ಬಸವರಾಜ ರಾಜಗುರು (1917–1991) ಅವರೂ ಕಲಿತು ದೊಡ್ಡ ಗಾಯಕರಾದರು. ಸನ್ಯಾಸ ಆ ಹಿರಿಯರು ತಮ್ಮ ಜೀವನಕ್ಕೆ ಆರಿಸಿಕೊಂಡದ್ದು. ಒಳ್ಳೆಯ ಶಿಕ್ಷಕಿಯಾಗೋಕೆ ನೀವು ಸಂಬಳ, ಸಂಜೆ, ಸಂಸಾರ ಬಿಡಬೇಕಿಲ್ಲ. ಎಲ್ಲವನ್ನೂ ಮೈಮೇಲೆ ಹಾಕಿಕೊಂಡ ಎಷ್ಟೋ ಹುಡುಗಿಯರು ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಸಮೀಕ್ಷೆ ಕೆಲಸಗಳ ನಡುವೆ ಎರಡೇ ವರ್ಷಕ್ಕೆ ಬಸವಳಿದದ್ದನ್ನು ನೋಡಿದ್ದೇನೆ. ಈ ಮಾತನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ.

ಸಾಮಾನ್ಯ ಸರ್ಕಾರಿ ಶಿಕ್ಷಕರಿಂದ ಇದು ಆಗುತ್ತದಾ ಅನ್ನೋ ಅನುಮಾನ ಇದ್ದರೆ ನಿಮ್ಮ ಶಾಲೆಯ ನಲಿ-ಕಲಿ (ಹಾಡು, ಕಾರ್ಡು, ಗುಂಪು ಕೆಲಸದ ಮೂಲಕ ಕಲಿಸುವ ಪದ್ಧತಿ) ಕೋಣೆಗೆ ಹೋಗಿ ನೋಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಅದು ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಅಲ್ಲಿ ಹಳ್ಳಿ ಮಕ್ಕಳಿಗೆ ಕಲಿಸುವ ರೀತಿ ನೋಡಿ ಬಂದರು. ಅದನ್ನು ಹಾಗೇ ಎತ್ತಿ ತರಲಿಲ್ಲ, ತಮ್ಮ ಮಕ್ಕಳಿಗೆ ತಕ್ಕಂತೆ ಹಾಡು, ಕಾರ್ಡು, ಕಲಿಕಾ ಏಣಿ (ಕಲಿಕೆಯ ಹಂತಗಳನ್ನು ತೋರಿಸುವ ಪಟ್ಟಿ) ಮಾಡಿಕೊಂಡರು. ಆಮೇಲೆ ಅದು ಇಡೀ ರಾಜ್ಯಕ್ಕೆ ಹರಡಿತು. ನಿಮ್ಮ ಐದನೇ ತರಗತಿಯ ಮಕ್ಕಳೂ ಮೂರನೇ ತರಗತಿವರೆಗೆ ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ಬರೆದದ್ದನ್ನು ತಲೆಯ ಮೇಲೆ ಕಟ್ಟಿದ ದಾರದ ಚಪ್ಪರಕ್ಕೆ ನೇತುಹಾಕಿ ಕಲಿತವರು. ಗುಂಪಿನಲ್ಲಿ ಕೆಲಸ ಮಾಡೋದು ಅವರಿಗೆ ಹೊಸದಲ್ಲ. ನಾಲ್ಕನೇ ತರಗತಿಗೆ ಬಂದ ಮೇಲೆ ಬಿಟ್ಟುಹೋಗಿದೆ, ನೆನಪಿಸಿದರೆ ವಾರದಲ್ಲಿ ಹಿಡಿದುಕೊಳ್ಳುತ್ತಾರೆ. ಗಿಜುಭಾಯಿ ಜೊತೆ ಭಾವನಗರದಲ್ಲಿ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಕೂಡ ಮುಂದೆ ಮಹಾರಾಷ್ಟ್ರದ ಬಡ ಮಕ್ಕಳ ನಡುವೆ ಹೋದಾಗ ಭಾವನಗರದ ನಕಲು ಮಾಡಲಿಲ್ಲ. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು.

ಈಗ ನೀವು ಮಾಡಬಹುದಾದದ್ದು. ಹಿರಿಯ ಗುರುಗಳು ಹೇಳಿದಂತೆ ನಡೆದುಬಿಡೋದು ಒಂದು ದಾರಿ. ಗದ್ದಲ ನಿಲ್ಲುತ್ತದೆ, ಘಟಕ ಮುಗಿಯುತ್ತದೆ, ವರದಿಯಲ್ಲಿ ಒಳ್ಳೆಯ ಮಾತು ಬರುತ್ತದೆ. ಅಪಾಯ ಏನಂದರೆ ಕೆಲಸದ ಮೊದಲ ತಿಂಗಳಲ್ಲಿ ಬಿದ್ದ ರೂಢಿ ಬಿಡೋದು ಕಷ್ಟ. ತರಗತಿಯನ್ನು ಸುಮ್ಮನಿರಿಸೋಕೆ ಬರುತ್ತದೆ, ಯಾರು ಕಲಿತಿಲ್ಲ ಅಂತ ಕಾಣುವ ಕಣ್ಣು ಬೆಳೆಯೋದಿಲ್ಲ. ಇನ್ನೊಂದು ದಾರಿ ಎಲ್ಲವನ್ನೂ ತಲೆಕೆಳಗು ಮಾಡೋದು. ಅದನ್ನು ನಾನು ಬೇಡ ಅನ್ನುತ್ತೇನೆ. ಕೆಲವು ವಾರದಲ್ಲಿ ನೀವು ಹೊರಟುಬಿಡುತ್ತೀರಿ, ಮಕ್ಕಳು ಎರಡು ಪದ್ಧತಿಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ನೋಟ್‌ಬುಕ್ ಖಾಲಿ ಇದ್ದರೆ ಪಾಲಕರೂ ಕೇಳುತ್ತಾರೆ, ಅವರು ಕೇಳೋದರಲ್ಲಿ ತಪ್ಪಿಲ್ಲ.

ನಾನು ಹೇಳೋದು ಸಣ್ಣದಾಗಿ ಶುರು ಮಾಡಿ ಅಂತ. ವೇಳಾಪಟ್ಟಿ ಇದ್ದಂತೆ ಇರಲಿ. ದಿನದ ಮೊದಲ ಹತ್ತು ನಿಮಿಷ ಕಥೆಗೆ ಕೇಳಿಕೊಳ್ಳಿ. ಕಥೆಯನ್ನು ಕುತೂಹಲದ ಜಾಗದಲ್ಲಿ ನಿಲ್ಲಿಸಿ, ಮುಂದೆ ಏನಾಗಬಹುದು ಅಂತ ಎರಡು ಸಾಲು ಬರೆಯಲಿ, ಬರೆಯಲಾರದವರು ಚಿತ್ರ ಬಿಡಿಸಲಿ. ಕೈಗೆ ಕೆಲಸ ಸಿಕ್ಕಿತು. ಆಮೇಲೆ ಯಾವುದಾದರೂ ಒಂದೇ ಘಟಕವನ್ನು ಮೊದಲಿನಿಂದ ಕೊನೆವರೆಗೆ ನಿಮ್ಮ ರೀತಿಯಲ್ಲಿ ಮಾಡಿ. ಮಣ್ಣಿನ ಪಾಠ ಅಂತ ಇಟ್ಟುಕೊಳ್ಳಿ. ನವಲಗುಂದದ ಕಡೆ ಎರೆ ಮಣ್ಣು, ಕಲಘಟಗಿ ಕಡೆ ಕೆಂಪು ಮಣ್ಣು. ಮಕ್ಕಳ ನೆಂಟರು ಎರಡೂ ಕಡೆ ಇರುತ್ತಾರೆ, ಒಂದೊಂದು ಹಿಡಿ ತರಿಸೋದು ಕಷ್ಟ ಅಲ್ಲ. ನೀರಿನ ಎರಡು ಪ್ಲಾಸ್ಟಿಕ್ ಬಾಟಲಿ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿ ಮಣ್ಣು ತುಂಬಿ. ಎರಡಕ್ಕೂ ಒಂದೊಂದು ಲೋಟ ನೀರು. ಯಾವುದರಿಂದ ನೀರು ಬೇಗ ಇಳಿಯುತ್ತದೆ, ಯಾವುದು ಹಿಡಿದಿಟ್ಟುಕೊಳ್ಳುತ್ತದೆ? ಹಾಗಾದರೆ ಮಳೆ ನಿಂತ ಮೇಲೂ ಕಡಲೆ ಯಾವ ಹೊಲದಲ್ಲಿ ಬೆಳೆಯುತ್ತದೆ, ಯಾಕೆ? ಮನೆಯಲ್ಲಿ ಅಜ್ಜನನ್ನು ಕೇಳಿಕೊಂಡು ಬರಲಿ. ಶಬ್ದ ಆಗುತ್ತದೆ, ಕೆಲಸದ ಶಬ್ದ. ಕೊನೆಗೆ ಪಠ್ಯಪುಸ್ತಕದ ಅಭ್ಯಾಸದ ಪ್ರಶ್ನೆಗಳನ್ನೇ ಕೊಟ್ಟು ಪರೀಕ್ಷೆ ಮಾಡಿ, ಉತ್ತರ ಪತ್ರಿಕೆಗಳನ್ನು ಹಿರಿಯ ಗುರುಗಳಿಗೆ ತೋರಿಸಿ. ಬಾಯಿಮಾತಿನ ವಾದಕ್ಕಿಂತ ಅದನ್ನು ಅವರು ಹೆಚ್ಚು ನಂಬುತ್ತಾರೆ.

ಜೊತೆಗೆ ಒಂದು ನೋಟ್‌ಬುಕ್. ಮೂರೇ ಮಕ್ಕಳನ್ನು ಆರಿಸಿಕೊಂಡು ದಿನಾ ಒಬ್ಬೊಬ್ಬರ ಬಗ್ಗೆ ಎರಡು ಸಾಲು ಬರೆಯಿರಿ. 'ಚೆನ್ನಾಗಿ ಓದಿದ' ಅಂತ ಬೇಡ. 'ರಾತ್ರಿ ಅನ್ನೋದನ್ನು ರಾತಿ ಅಂತ ಓದಿದ, ಎರಡನೇ ಸಲ ತಾನೇ ತಿದ್ದಿಕೊಂಡ' ಅಂತ ಬರೆಯಿರಿ. ಹದಿನೈದು ದಿನಕ್ಕೆ ಬೇರೆ ಮೂವರು, ಇಲ್ಲದಿದ್ದರೆ ಉಳಿದ ಮಕ್ಕಳು ನಿಮ್ಮ ಕಣ್ಣಿಂದ ಜಾರುತ್ತಾರೆ. ಈ ದಾರಿಗೂ ಅಪಾಯ ಇದೆ. ನಿಧಾನ. ಹೊಗಳುವವರು ಇರೋದಿಲ್ಲ. ವೀಕ್ಷಣೆಗೆ ಕಾಲೇಜಿನವರು ಬರುವ ದಿನ ಮಾತ್ರ ಮಣ್ಣು, ದಂಟು ಹೊರಗೆ ಬಂದು, ಉಳಿದ ದಿನ ಕಪಾಟು ಸೇರುವ ಚಾಳಿ ಬಹಳ ಬೇಗ ಅಂಟಿಕೊಳ್ಳುತ್ತದೆ. ಆ ದಿನಕ್ಕೆ ಅಂತಲೇ ಪಾಠ ತಯಾರು ಮಾಡಬೇಡಿ, ಹಿಂದಿನ ದಿನ ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಂದಲೇ ಮುಂದುವರಿಸಿ.

ಹಿರಿಯ ಗುರುಗಳನ್ನು ಎದುರಾಳಿ ಅಂದುಕೊಳ್ಳಬೇಡಿ. ಕೋಲಿನ ವಿಷಯದಲ್ಲಿ ಅವರ ಮಾತು ಒಪ್ಪೋದಕ್ಕೆ ಆಗದು, ಅದನ್ನು ಮೆತ್ತಗೆ ಆದರೆ ಸ್ಪಷ್ಟವಾಗಿ ಹೇಳಿ, "ನಂಗ ಹೊಡಿಯಾಕ ಆಗೂದಿಲ್ರೀ ಸರ್, ಬ್ಯಾರೆ ಏನ್ ಮಾಡ್ಲಿ ಹೇಳ್ರಿ". ಆದರೆ ಆ ಊರಿನ ಬಗ್ಗೆ ಅವರಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ. ಯಾವ ಮಗುವಿನ ತಂದೆ ದುಡಿಯೋಕೆ ಗೋವಾಕ್ಕೆ ಹೋಗಿದ್ದಾನೆ, ಹತ್ತಿ ಬಿಡಿಸುವ ಕಾಲದಲ್ಲಿ ಯಾರು ಶಾಲೆ ತಪ್ಪಿಸುತ್ತಾರೆ, ಯಾರು ಬೆಳಿಗ್ಗೆ ಉಣ್ಣದೆ ಬರುತ್ತಾರೆ, ಎಲ್ಲ ಅವರ ತಲೆಯಲ್ಲಿದೆ. ಆ ಹುಡುಗನ ಬಗ್ಗೆ ಅವರನ್ನು ಕೇಳಿ. ಸಲಹೆ ಕೇಳಲು ಬಂದ ಇಂಟರ್ನ್‌ಗೆ ಮೊದಲ ಹತ್ತು ನಿಮಿಷ ಬಿಟ್ಟುಕೊಡೋಕೆ ಬಹುತೇಕ ಹಿರಿಯರು ಒಪ್ಪುತ್ತಾರೆ. ಮುಖ್ಯ ಗುರುಗಳ ಗಮನಕ್ಕೂ ತನ್ನಿ, ಪಾಠಯೋಜನೆಯಲ್ಲಿ ಬರೆದಿಡಿ. ಮುಂದೆ ಯಾರಾದರೂ ಪ್ರಶ್ನೆ ಮಾಡಿದರೆ ಕಾಗದ ಇರುತ್ತದೆ.

ಟಿಇಟಿ ಬಗ್ಗೆ ಹೆಚ್ಚು ಹೇಳೋದು ಬೇಡ. ನಿಮಗೆ ಬೇಕಾದದ್ದು 1ರಿಂದ 5ನೇ ತರಗತಿಯ ಪತ್ರಿಕೆ, 150 ಅಂಕ. ಅದರಲ್ಲಿ ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ 30. ಈ 30ರಲ್ಲಿ ಮಗು ಯಾಕೆ ಹೀಗೆ ತಪ್ಪಿತು, ಶಿಕ್ಷಕರು ಆಗ ಏನು ಮಾಡಬೇಕು ಅನ್ನುವ ಥರದ ಪ್ರಶ್ನೆಗಳು ಬರುತ್ತವೆ. ಗೈಡ್‌ನಲ್ಲಿ ವ್ಯಾಖ್ಯೆ ಬಾಯಿಪಾಠ ಮಾಡಿದವರು ನಾಲ್ಕು ಆಯ್ಕೆಗಳ ನಡುವೆ ಒದ್ದಾಡುತ್ತಾರೆ. ನೋಟ್‌ಬುಕ್ ಬರೆದವರಿಗೆ ಆ ಮಗು ಕಣ್ಣಮುಂದೆ ಇರುತ್ತದೆ. ಉಳಿದ 120 ಅಂಕ ಎರಡು ಭಾಷೆ, ಗಣಿತ, ಪರಿಸರ ಅಧ್ಯಯನಕ್ಕೆ. ಇವಕ್ಕೆ ಕೋಚಿಂಗ್ ಪುಸ್ತಕ ಕೊಳ್ಳುವ ಮೊದಲು 1ರಿಂದ 5ರವರೆಗಿನ ಪಠ್ಯಪುಸ್ತಕಗಳನ್ನು ಒಂದು ಸಲ ಪೂರ್ತಿ ಓದಿ, ಅಭ್ಯಾಸದ ಲೆಕ್ಕಗಳನ್ನು ಕೂತು ಬಿಡಿಸಿ. ನೀವಿರುವ ಶಾಲೆಯಲ್ಲೇ ಅವೆಲ್ಲ ಸಿಗುತ್ತವೆ.